ಎಲೆ ಎತ್ತುವ ಕೈ

ಬ್ರನೋ ಊರಿನಲ್ಲಿ ಹನ್ನೊಂದಕ್ಕೇ ಮಧ್ಯಾಹ್ನ.
ಗುಡ್ಡದ ಮೇಲಿನ ಇಗರ್ಜಿ
ಒಂದು ತಾಸು ಮೊದಲೇ ಹನ್ನೆರಡು ಬಾರಿಸುತ್ತದೆ.
ಎಂದೋ ಮುತ್ತಿಗೆ ಹಾಕಿದ ದಂಡನ್ನು ಏಮಾರಿಸಿದ ಸುಳ್ಳಂತೆ,
ಈಗ ನಿತ್ಯದ ರೂಢಿ.
ಆ ಸದ್ದಿಗೆ ದ್ರಾಹೋಮೀರಾ
ಮೈನಸ್ ಎಂಬತ್ತರ ಪೆಟ್ಟಿಗೆಯ ಬಾಗಿಲು ತೆರೆಯುತ್ತಾಳೆ.
ಆ ಸದ್ದಿಗೇ, ಊರಿನ ಇನ್ನೊಂದು ತುದಿಯಲ್ಲಿ,
ಅವಳ ಗಂಡ ಓಲ್ದ್ರಿಖ್
ಎರಡನೆಯ ಗುಳಿಗೆ ನುಂಗುತ್ತಾನೆ.

ಕೊಳವೆ ಕಿರುಬೆರಳಿಗಿಂತ ಚಿಕ್ಕದು.
ಮೇಲೆ ಚೀಟಿ: ಮಾನವ ಕಿಣ್ವ, ಮರುಜೋಡಿತ.
ಯಾವ ಮಾನವ, ಯಾರ ಮನೆಯವನು, ಬರೆದಿಲ್ಲ.
ಯಾರದೋ ವಂಶವಾಹಿಯ ಒಂದು ಸಾಲು ನಕಲು ಮಾಡಿ
ಇನ್ಯಾರದೋ ಕೋಶಗಳ ಬಾಯಲ್ಲಿ ಹೇಳಿಸಿದರು;
ಮೈ ಇಲ್ಲದ ಆ ಕೋಶಗಳು ಗುಲಾಬಿ ರಸದಲ್ಲಿ ತೇಲುತ್ತ
ಅರ್ಥ ಕೇಳದೆ ಒಪ್ಪಿಸಿದವು, ಮಗ್ಗಿಯಂತೆ.
ಹತ್ತು ಮೈಕ್ರೋಗ್ರಾಂ. ಇದರ ಬೆಲೆಯ ಮುಂದೆ
ಚಿನ್ನ ಪಾಪದ ಲೋಹ.

ಇದರ ಕೆಲಸ? ನಮ್ಮ ಕಡೆಯ ಮಾತಲ್ಲಿ ಹೇಳಿದರೆ,
ಊಟದ ಮನೆಯಲ್ಲಿ ಎಲೆ ಎತ್ತುವುದು.
ನರ ಬಡಿಸುತ್ತದೆ, ಸ್ನಾಯು ಉಣ್ಣುತ್ತದೆ,
ಎಲೆ ಎತ್ತದೆ ಎರಡನೇ ಪಂಕ್ತಿ ಕೂರುವಂತಿಲ್ಲ.
ಕಣ್ಣು ಮುಚ್ಚಿ ತೆಗೆಯುವುದರೊಳಗೆ ಈ ಕೈ
ಸಾವಿರ ಎಲೆ ಎತ್ತಿ ಗೋಮಯ ಸಾರಿಸಿರುತ್ತದೆ.
ಅಲ್ಲ,
ಕಣ್ಣು ಮುಚ್ಚಿ ತೆಗೆಯುವುದೇ ಈ ಕೈಯಿಂದ.

ಓಲ್ದ್ರಿಖ್‌ನ ಮೈಯಲ್ಲಿ ತೊಂದರೆ ಬೇರೆ.
ಅವನದೇ ರಕ್ತ, ಹಗೆಯೆಂದು ಬಗೆದು,
ಮಣೆಗಳನ್ನು ಮುರಿದು ಹಾಕುತ್ತಿದೆ.
ಬಡಿಸಿದ್ದು ಇದೆ, ಕೂರಲು ಜಾಗವಿಲ್ಲ.
ಕೂತ ನಾಲ್ವರಾದರೂ ನಿಧಾನಕ್ಕೆ ಉಣ್ಣಲಿ ಎಂದು
ಗುಳಿಗೆ ಹೋಗಿ ಎಲೆ ಎತ್ತುವ ಕೈಯನ್ನು ಹಿಡಿದು ನಿಲ್ಲುತ್ತದೆ,
ನಾಲ್ಕು ತಾಸು.

ಹತ್ತೊಂಬತ್ತು ವರ್ಷ ಶಾಲಿನಾ ಓಡಿಸಿದವನು
(ಟ್ರಾಮಿಗೆ ಈ ಊರಿನವರ ಹೆಸರು, ಪ್ರಾಗಿನವರು ಕೇಳಿ ನಗುತ್ತಾರೆ).
ಒಂದು ಸಂಜೆ ಮುಂದಿನ ಹಳಿ ಎರಡು ಜೋಡಿಯಾಗಿ ಕಂಡಿತು.
ಬಲಗಣ್ಣ ರೆಪ್ಪೆ ಅಂಗಡಿ ಶಟರಿನಂತೆ ಅರ್ಧಕ್ಕಿಳಿಯಿತು.
ನಿಲ್ಲಿಸಿದ. ಬಾಗಿಲು ತೆರೆದ.
"ದಯವಿಟ್ಟು ಎಲ್ಲರೂ ಇಳಿಯಿರಿ."
ಕುಡಿದಿದ್ದಾನೆ ಅಂದರು ಯಾರೋ.

ಇವತ್ತು ತೊಂಬತ್ತಾರು ಕುಳಿಯ ತಟ್ಟೆ.
ಎಲೆ ಎತ್ತಿದಷ್ಟೂ ಹಳದಿ, ಅದೇ ಲೆಕ್ಕ.
ತೊಂಬತ್ತೈದರಲ್ಲಿ ಕಂಪನಿಯ ಹೊಸ ಮದ್ದುಗಳು,
ಹೆಸರಿಡುವ ಮೊದಲಿನವು, ಅಂಕಿ ಮಾತ್ರ.
ಕೊನೆಯ ಕುಳಿಗೆ
ಕರವಸ್ತ್ರದ ಗಂಟು ಬಿಚ್ಚಿ,
ಬೆಳಿಗ್ಗೆ ಅವನ ಕೈಜಾರಿ ಒಡೆದ ಗುಳಿಗೆಯ ಅರ್ಧ
ಅರೆದು, ಕರಗಿಸಿ, ಸೋಸಿ,
ಒಂದು ಹನಿ.
ಅನುಮತಿ ಇಲ್ಲ. ದಾಖಲೆ ಪುಸ್ತಕದಲ್ಲಿ ಆ ಮನೆ ಖಾಲಿ.

ಹತ್ತು ನಿಮಿಷ. ಕುಳಿಗಳು
ನಿಂಬೆಸಿಪ್ಪೆಯಾದವು, ಆಮೇಲೆ
ಮೇ ತಿಂಗಳ ಮೊರಾವಿಯಾದ ಸಾಸಿವೆ ಹೊಲ.
ಹೊಸ ಮದ್ದು ಒಂದೂ ಹಿಡಿಯಲಿಲ್ಲ.
ಮೂಲೆಯದು ಮಾತ್ರ ನೀರು.
ಇನ್ನೂ ನೀರು.
ಓದುವ ಯಂತ್ರಕ್ಕೆ ಹಾಕದೆ ತಟ್ಟೆಯನ್ನು
ಕಿಟಕಿಗೆ ಹಿಡಿದಳು.
ಒಂಬತ್ತು ವರ್ಷ ಅಂಗೈಯಲ್ಲಿಟ್ಟು ಕೊಟ್ಟ ಗುಳಿಗೆ;
ಅದು ದುಡಿಯುವುದನ್ನು ಕಣ್ಣಾರೆ ಕಂಡದ್ದು ಇವತ್ತೇ.

ಮೇಲಿನವನು ಹಿಂದೆ ಬಂದು ನಿಂತ.
"ಆ ಕುಳಿ ಯಾಕೆ ಬಿಳಿ?"
"ಕಿಣ್ವ ಹಾಕಲು ಮರೆತೆ," ಅಂದಳು,
ಮೂವತ್ತು ವರ್ಷದಲ್ಲಿ ಏನನ್ನೂ ಮರೆಯದವಳು.

ಮನೆಯಲ್ಲಿ ಸಂಜೆ ಏಳು.
ಅವನು ಮೊಣಕೈ ಮೇಜಿಗೂರಿ ಆಲೂಗೆಡ್ಡೆ ಸುಲಿಯುತ್ತಿದ್ದ,
ಸಿಪ್ಪೆಗಿಂತ ದಪ್ಪಗೆ.
"ಏನು ಮಾಡಿದೆ ಇವತ್ತು?"
"ಬಣ್ಣ ಬಾರದ್ದನ್ನು ನೋಡುತ್ತ ಕೂತಿದ್ದೆ."
"ಅದಕ್ಕೂ ಸಂಬಳ ಕೊಡುತ್ತಾರಾ?"
ನಗಲು ಹೋದ. ನಗು ಒಂದೇ ಬದಿಗೆ ಬಂದು ನಿಂತಿತು.

ಗಡಿಯಾರ ನೋಡಿದಳು.
ಮುಂದಿನ ಗುಳಿಗೆಗೆ ಇನ್ನೂ ಒಂದು ತಾಸಿತ್ತು.
ಈ ಊರಲ್ಲಿ ಅದೇನು ದೊಡ್ಡದು ಎಂದುಕೊಂಡು
ನೀರಿನ ಲೋಟ ತುಂಬಿಸಿದಳು.