ಏಳನೆಯ ವಿಷಯ

ಬಂದರಿನ ಆಫೀಸು, ಎರಡನೇ ಮಾಳಿಗೆ.
ಒಂಬತ್ತು ಕುರ್ಚಿ, ಏಳು ಜನ,
ತಟ್ಟೆಯಲ್ಲಿ ತಣ್ಣಗಾಗುತ್ತಿದ್ದ ಗೋಳಿಬಜೆ.
ಮೂಲೆಯಲ್ಲಿ ನಾನು, ನಡಾವಳಿ ಪುಸ್ತಕದ ಜೊತೆ,
ಕಂಪೆನಿ ಸೆಕ್ರೆಟರಿ ಬೆನೆಡಿಕ್ಟಾ ಸಲ್ಡಾನ.
ಆಡಿದ್ದನ್ನೆಲ್ಲ ಬರೆಯುವುದಲ್ಲ ನನ್ನ ಕೆಲಸ;
ಆಡಿದ್ದರಲ್ಲಿ ಉಳಿಯತಕ್ಕದ್ದನ್ನು.

ಐದು ವಿಷಯ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಆರನೆಯದು 'ಹೆಸರು'.
ಮುಂಬಯಿಯ ಹುಡುಗ ಗೋಡೆಗೆ ಬೆಳಕು ಬಿಟ್ಟು
ಹೊಸ ಲಾಂಛನ ತೋರಿಸಿದ: ಗೇರುಬೀಜವೊಂದು
ಬಾಗಿ ನಗುವಾಗಿತ್ತು.
ನಲವತ್ತು ಲಕ್ಷ. ಹೆಸರು ಮೇಲೆ ಬರುತ್ತದಂತೆ
ಬಾವಿಯಿಂದ ಕೊಡ ಬಂದ ಹಾಗೆ.
ಬರೆದೆ: ಅಂಗೀಕರಿಸಲಾಯಿತು.

ಏಳನೆಯದಕ್ಕೆ ಫ್ಯಾನಿನ ಸದ್ದು ಜೋರಾಯಿತು.
ಬೈಕಂಪಾಡಿಯ ಗೋದಾಮು, ಬಾಡಿಗೆ ಪೇಟೆಯ ದುಪ್ಪಟ್ಟು.
ಮಾಡಿನ ಶೀಟು ಸೋರಿ ಆಟಿ ತಿಂಗಳಿಡೀ
ಮುನ್ನೂರು ಗೋಣಿ ಬೂಷ್ಟು ಹಿಡಿದದ್ದು,
ರಾಟರ್‌ಡ್ಯಾಮಿಗೆ ಹೋದ ಕಂಟೇನರು
ಹೋದ ದಾರಿಯಲ್ಲೇ ತಿರುಗಿ ಬಂದದ್ದು
ಯಾವುದೂ ಕಾಗದದಲ್ಲಿರಲಿಲ್ಲ. ಇದ್ದದ್ದು ಇಷ್ಟೇ:
'ಗೋದಾಮು ಕರಾರು ನವೀಕರಣ, ಐದು ವರ್ಷ.'

ಕೈ ಎತ್ತಿದವರು ಇದಿನಬ್ಬ ಸಾಹೇಬರು,
ಬಂದರಿನಲ್ಲಿ ತೂಕ ನೋಡಿಯೇ ನಿವೃತ್ತರಾದವರು.
ಸ್ವತಂತ್ರ ನಿರ್ದೇಶಕರಾಗಿ ಮೂರು ವರ್ಷದಲ್ಲಿ ಆಡಿದ ಮಾತು
ಒಂದು ಪುಟ ತುಂಬುತ್ತಿರಲಿಲ್ಲ.
"ಗೋದಾಮು ಯಾರದು?"

ಗೊತ್ತಿತ್ತು. ಏಳು ಜನಕ್ಕೂ ಗೊತ್ತಿತ್ತು,
ಚಾ ತಂದ ಜಗ್ಗುವಿಗೂ ಗೊತ್ತಿತ್ತು,
ಅಧ್ಯಕ್ಷರ ಭಾವನದು.
ಗೊತ್ತಿರುವುದು ಬೇರೆ, ಕೇಳುವುದು ಬೇರೆ.
ವಾಮನ ಕುಡ್ವರು ಕನ್ನಡಕ ಒರೆಸಿದರು.
ಅಧ್ಯಕ್ಷರೆಂದರು, ನನ್ನ ಕಡೆ ತಿರುಗದೆಯೇ,
"ಅದೊಂದು ಬರೆಯುವುದು ಬೇಡಮ್ಮ. ಮನೆಯ ಮಾತು.
ಹೊರಗೆ ಹೋದರೆ ಕಂಪೆನಿಯ ಹೆಸರು..."
ವಾಕ್ಯ ಮುಗಿಸಲಿಲ್ಲ.

ಹೆಸರನ್ನು ನಾನೊಮ್ಮೆ ನೋಡಿದ್ದೇನೆ.
ಕಾರ್ಖಾನೆಯ ಗ್ರೇಡಿಂಗ್ ಮೇಜಿನಲ್ಲಿ ಅಕ್ಕು ಪೂಜಾರ್ತಿ
ರಾಶಿಯಿಂದ ಒಂದು ಬೀಜ ಎತ್ತಿ, ಮೂಗಿಗೆ ಹಿಡಿದು
ಬುಟ್ಟಿಗಲ್ಲ, ನೆಲಕ್ಕೆ ಹಾಕಿದರು.
ಸೂಪರ್‌ವೈಸರ್ ಊಟಕ್ಕೆ ಹೋಗಿದ್ದ.
ಕಿಲೋ ಲೆಕ್ಕದ ಸಂಬಳ; ನೆಲದ ಬೀಜಕ್ಕೆ ಲೆಕ್ಕವಿಲ್ಲ.
ಯಾಕೆ ಎಂದೆ.
"ಡಬ್ಬಿ ತೆರೆಯುವಾಗ ನಾನಿರುವುದಿಲ್ಲವಲ್ಲ."

ಬರೆದೆ.
'ಗೋದಾಮು ಯಾರದೆಂದು ಶ್ರೀ ಇದಿನಬ್ಬ ಕೇಳಿದರು.
ಉತ್ತರ ಬರಲಿಲ್ಲ.'
ಕೈ ನಡುಗಲಿಲ್ಲ ಅಂದರೆ ಸುಳ್ಳು,
'ಮು'ವಿನ ಕೊಂಬು ಓರೆಯಾಗಿದೆ, ಈಗಲೂ ನೋಡಬಹುದು.

ಇವತ್ತು ಮುಂದಿನ ಸಭೆ. ಮೊದಲ ವಿಷಯ, ಎಂದಿನಂತೆ,
ಹಿಂದಿನ ನಡಾವಳಿಯ ದೃಢೀಕರಣ.
ಅಧ್ಯಕ್ಷರ ಕೈಯಲ್ಲಿ ಹೊಸ ಲಾಂಛನದ ಪೆನ್ನು
ಆ ಸಾಲಿನ ಮೇಲೆ ಬಂದು ನಿಂತಿದೆ.
ಇದಿನಬ್ಬ ಸಾಹೇಬರು ಗೋಳಿಬಜೆ ಮುರಿದು
ಚಟ್ನಿಗೆ ಅದ್ದುತ್ತಿದ್ದಾರೆ.
ಕಿಟಕಿಯ ಕೆಳಗೆ, ಓಣಿಯಲ್ಲಿ
ತುಂಬಿದ ಲಾರಿಯೊಂದು ಹಿಂದೆ ಹಿಂದೆ ಬರುತ್ತಿದೆ,
ಕ್ಲೀನರ್ ಬದಿ ತಟ್ಟುತ್ತಿದ್ದಾನೆ,
ಬರಲಿ, ಬರಲಿ, ಬರಲಿ...