ಏಳೂವರೆ

ರಿಪೋರ್ಟು ಓದಿ ಡಾಕ್ಟರಮ್ಮ ಅಂದರು: ಏಳೂವರೆ.
ಬಾಗಿಲಾಚೆ ಕೂತಿದ್ದ ಅತ್ತೆ ಅಷ್ಟನ್ನೇ ಕೇಳಿಸಿಕೊಂಡು
‘ಏಳೂವರೆ ವರ್ಸದ್ ಶನಿ ಕನವ್ವ, ನಾ ಆಗ್ಲೇ ಹೇಳ್ನಿಲ್ವ’
ಎಂದು ಎಳ್ಳೆಣ್ಣೆ ದೀಪಕ್ಕೆ
ಸೆರಗಿನ ಗಂಟು ಬಿಚ್ಚಿದರು.

ನನಗೆ ಕೇಳಿಸಿದ್ದೂ ತಪ್ಪೇ.
‘ಕಬ್ಬಿಣದ ಅಂಶ ಕಮ್ಮಿ ಹೇಮಾವತಿ’ ಅಂದದ್ದು
ಕಬ್ಬಿನ ಅಂಶ ಅಂತ ಕೇಳಿ ಒಳಗೇ ನಕ್ಕೆ.
ನಮ್ಮ ಮಂಡ್ಯದ ನಾಲಿಗೆಗೆ ಣಕಾರ ಯಾವತ್ತು ನೆಟ್ಟಗೆ ಹೊರಳಿದೆ?
ಕಬ್ಬಿಗೇನು ಬರ ಇಲ್ಲಿ,
ಫ್ಯಾಕ್ಟರಿ ಗೇಟಿಂದ ಗಾಡಿಗಳ ಸಾಲು ನಿಂತು
ನನ್ನ ಬಸ್ಸು ದಿನಾ ಲೇಟು.

ನಲವತ್ನಾಲ್ಕು ತುಂಬಿದ ಮೇಲೆ
ತಿಂಗಳು ತಿಂಗಳ ಹಾಗಿಲ್ಲ.
ಒಮ್ಮೆ ಹದಿನೆಂಟೇ ದಿನಕ್ಕೆ, ಒಮ್ಮೆ ಎರಡು ತಿಂಗಳು ಸುದ್ದಿಯಿಲ್ಲ,
ಬಂದರೆ ತೂಬು ಎತ್ತಿದ ನಾಲೆ.
ದುದ್ದದಲ್ಲಿ ಬಸ್ಸು ನಿಲ್ಲುವುದು ನಾಲ್ಕು ನಿಮಿಷ,
ಹೋಟೆಲಿನ ಹಿಂದೆ ಚಿಲಕವಿಲ್ಲದ ಬಚ್ಚಲು.
ಖಾಕಿ ಎಲ್ಲಾ ಮುಚ್ಚುತ್ತೆ ಅಂತಾರೆ.
ಮುಚ್ಚಲ್ಲ.

ಬಸ್ಸಿನ ಮೆಟ್ಟಿಲು ಮೂರೇ.
ಹತ್ತಿದರೆ ಎದೆಯೊಳಗೆ ಯಾರೋ
ರೈಟ್ ರೈಟ್ ಅಂತ ತಗಡು ಬಡಿಯುತ್ತಾರೆ.
ಸೀಟಿ ಊದಲು ಉಸಿರಿಲ್ಲ.
ಡ್ರೈವರ್ ಬೋರಲಿಂಗಣ್ಣ ಕನ್ನಡಿಯಲ್ಲೇ ನೋಡಿಕೊಂಡು
ನನಗೆ ಕಾಯದೆ ಗೇರು ಹಾಕುತ್ತಿದ್ದ, ಒಂದು ಮಾತೂ ಆಡದೆ.
ಜೇಬಲ್ಲಿ ಬಳಪದ ಚೂರು.
ಕಡಿಯಬೇಕು ಅನಿಸೋದು. ಕಡಿದಿದ್ದೇನೆ,
ಮುಖ ಕಿಟಕಿಗೆ ತಿರುಗಿಸಿ.
ಯಾರಿಗೂ ಹೇಳಿರಲಿಲ್ಲ.
‘ಮಣ್ಣು, ಬಳಪ, ಹಸಿ ಅಕ್ಕಿ ತಿನ್ನೋಣ ಅನಿಸುತ್ತಾ?’
ಡಾಕ್ಟರಮ್ಮ ಬರೆಯುತ್ತಲೇ ಕೇಳಿದರು.
ಅತ್ತುಬಿಟ್ಟೆ.

‘ಎಲ್ಲಿ ಸೋರ್ತಿದೆ ನೋಡಬೇಕು, ಸ್ಕ್ಯಾನಿಂಗ್ ಆಗಲಿ.
ಅದುವರೆಗೆ ದಿನಕ್ಕೊಂದು ಮಾತ್ರೆ,
ಜೊತೆಗೆ ಅರ್ಧ ನಿಂಬೆಹಣ್ಣು ಹಿಂಡಿದ ನೀರು.
ಕಾಫಿಗೂ ಮಾತ್ರೆಗೂ ಎರಡು ಗಂಟೆ ದೂರ.’
ದೂರ ಅಂದರೆ ನನಗೆ ಸ್ಟೇಜಿನ ಲೆಕ್ಕ:
ಮೇಲುಕೋಟೆ ಮುಟ್ಟಿ, ತಿರುಗಿ ದುದ್ದಕ್ಕೆ ಬರುವಷ್ಟು.
ಅಲ್ಲಿಯತನಕ ಕಾಫಿಯ ವಾಸನೆ ಮಾತ್ರ.

ಕೊಂಡದ್ದು ಶನಿವಾರವೇ.
‘ಶನಿವಾರ ಕಬ್ಬುಣ ಮನೆಗ್ ತಂದಾರ?’
‘ಮನೆಗಲ್ಲತ್ತೆ, ಹೊಟ್ಟೆಗೆ.’

ಬಾಯಲ್ಲಿ ಹಳೇ ನಾಣ್ಯ ಚೀಪಿದ ರುಚಿ.
ಬೆಳಗ್ಗೆ ಇದ್ದಿಲಿನ ಕಪ್ಪು ನೋಡಿ ಹೆದರಿದೆ,
ಅದು ಹಾಗೇ ಅಂದರು.
ಎಂಟನೇ ದಿನ ಹೊಟ್ಟೆ ಕಲ್ಲು. ಬಿಟ್ಟೆ.
ಹನ್ನೊಂದನೇ ದಿನ ಮತ್ತೆ ಹಿಡಿದೆ, ಯಾಕೆಂದರೆ
ಮೋಕ್ಷಿತಾಳ ಜಾಮಿಟ್ರಿ ಡಬ್ಬಿಯಲ್ಲಿ
ಒಂಬತ್ತು ಸೋಮವಾರ ಸಿಕ್ಕವು:
ಸ್ಕೂಲಲ್ಲಿ ಕೊಟ್ಟ ನೀಲಿ ಮಾತ್ರೆ,
ಒಂದನ್ನೂ ನುಂಗದೆ, ಕೈವಾರದ ಮಗ್ಗುಲಲ್ಲಿ ಒಪ್ಪವಾಗಿ.
ಬೈಯಲು ಬಾಯಿ ತೆರೆದೆ.
‘ನೀನೂ ಬಿಟ್ಟಿಲ್ವಾ’ ಅಂದಳು.
ಒಂಬತ್ತನ್ನೂ ಟೀಚರಿಗೆ ವಾಪಸು ಕೊಡಿಸಿ
ಮುಂದಿನ ಸೋಮವಾರ ನಾವಿಬ್ಬರೂ
ಬಸ್ಸಾರುಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡು
ನುಂಗಿದೆವು, ಪಂದ್ಯ ಕಟ್ಟಿದವರಂತೆ.

ಮೂರು ತಿಂಗಳಿಗೆ ಒಂಬತ್ತೂ ಚಿಲ್ಲರೆ.
ಚಿಲ್ಲರೆಯ ಬೆಲೆ ಕಂಡಕ್ಟರಿಗೆ ಗೊತ್ತು.
ಜಕ್ಕನಹಳ್ಳಿ ಕ್ರಾಸಿನಲ್ಲಿ ಮೊನ್ನೆ
ಸೀಟಿ ಉದ್ದಕ್ಕೆ ಊದಿದೆ.
ಪೊಲೀಸು ಅಂದುಕೊಂಡು ಬೋರಲಿಂಗಣ್ಣ
ಬ್ರೇಕು ಒತ್ತಿಬಿಟ್ಟ.

ಈಗ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟು ಕೊಡುವಾಗ
ಕಾರ್ಡಿನ ಫೋಟೋಗಿಂತ ಮೊದಲು
ಅದನ್ನು ಹಿಡಿದ ಉಗುರು ಕಾಣುತ್ತವೆ.
ಸುಣ್ಣದಂಥವು. ಚಮಚದ ಹಾಗೆ ಗುಳಿಬಿದ್ದವು.
ಶಿವಳ್ಳಿಯ ಚಿಕ್ಕತಾಯಿ ನನ್ನ ವಾರಗೆಯವಳೇ,
ಸೊಪ್ಪಿನ ಮಂಕರಿ ಇಳಿಸಿ, ಕಂಬಿ ಹಿಡಿದು
ಮೂರನೇ ಮೆಟ್ಟಿಲಲ್ಲಿ ನಿಂತುಬಿಟ್ಟಳು,
ಬಾಯಿ ತೆರೆದು ಉಸಿರಿಗೆ ಕಾಯುತ್ತಾ.
‘ಎಷ್ಟಿದೆ ನಿಂದು?’ ಕೇಳಿದೆ.
ವಯಸ್ಸು ಕೇಳಿದೆ ಅಂದುಕೊಂಡು,
ಹುಟ್ಟಿದ ತಾರೀಕಿರುವ ಕಾರ್ಡು ಕೈಯಲ್ಲಿ ಹಿಡಿದೇ
‘ಯಾರ್ ಬರ್ದಿಟ್ಟವ್ರೆ ಬುಡವ್ವ’ ಅಂದಳು.