ಮಂಡಕ್ಕಿ ದಿಂಬು

ವಾರದ ಆರು ದಿನ ನಾನು ತೆಗೆಯುವುದು
ಮೂಳೆಗಳ ಚಿತ್ರ.
ಉಸಿರು ಹಿಡೀರಿ, ಅಲುಗಾಡಬೇಡಿ, ಆಯ್ತು, ಬಿಡಿ.
ಸೈಕಲ್ಲಿಂದ ಬಿದ್ದವರ ಕೊರಳೆಲುಬು
ಹೇಗೆ ಮುರಿಯುತ್ತದೆಂದು ಗೊತ್ತು:
ಒಣ ತೊಗರಿಕಡ್ಡಿಯ ಹಾಗೆ, ಸರಿಯಾಗಿ ನಡುವೆ.

ಏಳನೆಯ ದಿನ ಕೊಂಡಜ್ಜಿ ಕೆರೆಗೆ.
ಅಣ್ಣ ಬಿಟ್ಟ ಹಳೆಯ ಸೈಕಲ್ಲು,
ಕಂತಿನ ಮೇಲೆ ಕೊಂಡ ಕ್ಯಾಮೆರಾ,
ಮೊಣಕೈಯುದ್ದದ ಲೆನ್ಸು.
ಇನ್ನೂ ಒಂಬತ್ತು ಕಂತು ಬಾಕಿ.

ಮೊದಲು ಕ್ಯಾರಿಯರ್‌ಗೆ ಕಟ್ಟಿದೆ,
ಟ್ಯೂಬು ಸೀಳಿದ ಪಟ್ಟಿಯಿಂದ ಮೂರು ಸುತ್ತು.
ಬಲು ಬಿಗಿಯಾಗಿತ್ತು. ಅದೇ ತಪ್ಪು.
ಏಳು ಹಂಪು, ಲೆಕ್ಕವಿಲ್ಲದಷ್ಟು ಗುಂಡಿ;
ಏರಿಯ ಮೇಲೆ ಚೀಲ ಬಿಚ್ಚಿದರೆ
ತಳದಲ್ಲಿ ಇರುವೆಯಷ್ಟು ಒಂದು ತಿರುಪು.
ಯಾವುದರದೆಂದು ಇವತ್ತಿಗೂ ಗೊತ್ತಿಲ್ಲ.
ಕುಂಕುಮದ ಭರಣಿಯಲ್ಲಿಟ್ಟಿದ್ದೇನೆ.

ಪಂಕ್ಚರ್ ಅಂಗಡಿಯ ಗೌಸ್‌ಪೀರ್
ಚಕ್ರ ತಿರುಗಿಸುತ್ತಲೇ ಹೇಳಿದ:
"ಅಕ್ಕಾ, ಕ್ಯಾರಿಯರ್‌ಗೆ ಮೊಣಕಾಲಿಲ್ಲ.
ರೋಡು ಹೊಡೆದದ್ದನ್ನ
ಹಂಗಂಗೇ ಮ್ಯಾಲೆ ಮುಟ್ಟಿಸ್ತದೆ,
ಚಾಡಿಕೋರನ ಹಂಗೆ."

ಕೊರಳಿಗೆ ಹಾಕಿಕೊಂಡೆ.
ತುಳಿದಾಗೊಮ್ಮೆ ಎದೆಗೆ ಗುದ್ದು,
ಬಗ್ಗಿದಾಗೊಮ್ಮೆ ಹ್ಯಾಂಡಲ್ಲಿಗೆ.
ಬೆನ್ನಿಗೇರಿಸಿದೆ. ಹಾಯೆನಿಸಿತು.
ಆದರೆ ಆ ಬುಧವಾರವೇ ಒಬ್ಬ ಹುಡುಗ ಬಂದ,
ಬೆನ್ನಿಗೆ ಡ್ರಿಲ್ಲಿಂಗ್ ಮಿಷಿನ್ನು ಕಟ್ಟಿಕೊಂಡು ಬಿದ್ದವನು.
ಅವನ ಬೆನ್ನೆಲುಬಿನ ಬಿಳಿ ಸಾಲನ್ನು
ನಾನೇ ಬೆಳಕಿಗೆ ಹಿಡಿದೆ.
ಸಂಜೆಗೆಲ್ಲ ನನ್ನ ಟ್ರೈಪಾಡು
ಬೆನ್ನಿಳಿದು ಸೈಕಲ್ಲಿನ ಅಡ್ಡಪಟ್ಟಿಗೆ ಹೋಗಿತ್ತು.

ಮಂಡಕ್ಕಿ ಭಟ್ಟಿಯ ಮಾಬೂಬಿ
ಮಣಿಕಟ್ಟು ಮುರಿದು ಬಂದವರು. ಪರಿಚಯ ಅಷ್ಟೇ.
ಪಟ್ಟಿ ಬಿಚ್ಚಿಸಿದ ದಿನ ಒಂದು ಚೀಲ ಹೊತ್ತು ತಂದರು,
ಒಳಗೆ ಕೈಯಿಟ್ಟರೆ ಇನ್ನೂ ಬೆಚ್ಚಗೆ.
ನನ್ನ ಗೋಳು ಕೇಳಿ ನಕ್ಕರು:
"ಇದರಾಗ ಹೂತಿಡು ಬೇಟಿ.
ಲಾರಿ ಮ್ಯಾಲೆ ಹುಬ್ಬಳ್ಳಿ ಮುಟ್ಟಿದ್ರೂ
ನಮ್ಮ ಮಂಡಕ್ಕಿ ಒಂದೂ ಮುರಿಯಂಗಿಲ್ಲ."

ಉಪ್ಪು, ಹೊಟ್ಟಿನ ಧೂಳು, ಎರಡೂ ಗಾಜಿಗೆ ಆಗದವು.
ಹಳೆಯ ಲಂಗ ಕತ್ತರಿಸಿ ನಾಲ್ಕು ದಿಂಬು ಹೊಲಿದೆ,
ಹೆಬ್ಬೆರಳು ಒತ್ತಿದರೆ ಕುಗ್ಗಿ
ಮತ್ತೆ ಉಬ್ಬುವಷ್ಟು ತುಂಬಿ.
ಕ್ಯಾಮೆರಾ ಬೇರೆ, ಲೆನ್ಸು ಬೇರೆ.
ಕೂಡಿಸಿ ಒಯ್ದರೆ
ಅವೂ ಮುರಿಯುವುದು ಕೊರಳಲ್ಲೇ.

ಅವತ್ತು ಹಂಪಿನ ಮೇಲೆ ಹಾರಿದರೂ
ಬೆನ್ನ ಹಿಂದೆ ಕೇಳಿದ್ದು ಇಷ್ಟೇ:
ತರಗೆಲೆಯ ಮೇಲೆ ಬೆಕ್ಕು ನಡೆದ ಸದ್ದು.

ಕೆರೆ ನಡುವಿನ ಒಣ ಜಾಲಿಯ ಮೇಲೆ
ನೀರುಕಾಗೆ ರೆಕ್ಕೆ ಒಣಗಹಾಕಿ ಕೂತಿತ್ತು,
ಎದೆಗೂಡಿನ ಚಿತ್ರಕ್ಕೆ ತಾನೇ ಬಂದು ನಿಂತ ಹಾಗೆ,
ತೋಳು ಅಗಲಿಸಿ.
ಉಸಿರು ಹಿಡಿ ಎನ್ನಬೇಕಾಗಲಿಲ್ಲ.
ಹಿಡಿದವಳು ನಾನು.

ಹತ್ತು ಗಂಟೆಗೆ ಹಸಿವು.
ಎಮ್ಮೆ ಬಿಟ್ಟುಕೊಂಡು ಬಂದ ಇಬ್ಬರು ಹುಡುಗರು
ವಾಸನೆ ಹಿಡಿದು ಹತ್ತಿರ ಕೂತರು.
ಒಬ್ಬನ ಜೇಬಲ್ಲಿ ಹಸಿಮೆಣಸಿನಕಾಯಿ.
ಇನ್ನೊಬ್ಬ ಈರುಳ್ಳಿಯನ್ನು ಕಲ್ಲಿಗೆ ಜಜ್ಜಿದ.
ಒಂದು ದಿಂಬಿನ ಹೊಲಿಗೆ ಬಿಚ್ಚಿದೆ.
ಆಮೇಲೆ ಇನ್ನೊಂದರದು.
"ಇದು ಕ್ಯಾಮೆರಾದ್ದಲ್ಲೇನಕ್ಕಾ?"
ಹೌದು. ಅದಕ್ಕೆ ಇವತ್ತು ಹೊಟ್ಟೆ ತುಂಬಿದೆ.

ನಾಲ್ಕನೆಯದು ಜಾಡಿಸಿದಾಗ ನೆನಪಾಯಿತು
ವಾಪಸು ದಾರಿ. ಅವೇ ಏಳು ಹಂಪು.

ಖಾಲಿ ಬಟ್ಟೆಗಳಲ್ಲಿ ಸುತ್ತಿ
ಚೀಲವನ್ನು ಮೈಗೆ ಬಿಗಿದು
ಹಂಪು ಕಂಡಲ್ಲೆಲ್ಲ ಸೀಟು ಬಿಟ್ಟೆದ್ದೆ.
ಪೆಡಲ್ಲಿನ ಮೇಲೆ ನಿಂತು, ಮಂಡಿ ಸಡಿಲ ಬಿಟ್ಟು,
ಕಾಲುವೆ ಏರಿ ಕೊಟ್ಟದ್ದನ್ನೆಲ್ಲ
ಅಲ್ಲೇ, ಮಂಡಿಯಲ್ಲೇ ನುಂಗಿಕೊಂಡೆ.
ಮೇಲೆ ಯಾರಿಗೂ ಮುಟ್ಟಿಸಲಿಲ್ಲ.
ಹಿಂದೆ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ
ಪಕ್ಕದಲ್ಲಿ ಹಾದು, ತಿರುಗಿ ನೋಡಿ ಹೋದ:
ಯಾರಪ್ಪ ಇವಳು,
ಮೊಸರಿನ ಗಡಿಗೆ ಹೊತ್ತವಳ ಹಾಗೆ.

ಮನೆಯಲ್ಲಿ ಬಿಚ್ಚಿದರೆ ಎಲ್ಲ ಸರಿ.
ಯಾವ ತಿರುಪೂ ಉದುರಿಲ್ಲ.

ಸೋಮವಾರ ಮಾತ್ರ,
ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ,
ಮಂಡಿಗಳೆರಡೂ
ಒಂದೊಂದು ಹಂಪಿನ ಮೇಲೂ
ಚಾಡಿ ಹೇಳಿದವು.